ಎರಡು ಸಾವಿರದ ಜೋಲಿ ಕಿಟ್: ಎಂಟು ಮಂದಿ ಸ್ವೀಡನ್ ಕಾಡಿಗೆ ಹೊತ್ತು ಹೋಗಬಹುದೇ?

ಹ್ಯಾಮಕ್, ಅಂದರೆ ಎರಡು ಮರಗಳ ನಡುವೆ ಕಟ್ಟಿ ಮಲಗುವ ಜೋಲಿ. ಅದರ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ 300 ಕೆ.ಜಿ. ತಾಳುತ್ತದೆ ಎಂದಿದೆ. ಪಕ್ಕದ ಚಿತ್ರದಲ್ಲಿ ಒಬ್ಬ ಆಸಾಮಿ ಬಟ್ಟೆ ಒಣಹಾಕುವ ತಂತಿಯ ಹಾಗೆ ಬಿಗಿದ ಹ್ಯಾಮಕ್‌ನಲ್ಲಿ ನಗುತ್ತ ಮಲಗಿದ್ದಾನೆ. ಇವೆರಡೂ ಒಟ್ಟಿಗೆ ನಿಜವಾಗಲಾರವು.

ಆನ್‌ಲೈನ್‌ನಲ್ಲಿ ಎರಡು ಸಾವಿರದೊಳಗೆ ಸಿಗುವ 'ಪ್ಯಾರಾಚೂಟ್ ನೈಲಾನ್' ಹ್ಯಾಮಕ್ ಕಿಟ್ಟಿನ ಮಾತಿದು. ಮಾರುವವರ ಹೆಸರು ಬೇರೆ ಬೇರೆ, ಒಳಗಿನ ಮಾಲು ಹೆಚ್ಚೂಕಡಿಮೆ ಒಂದೇ: 270 × 140 ಸೆಂ.ಮೀ. ಬಟ್ಟೆ, ಅದಕ್ಕೇ ಹೊಲಿದ ಸೊಳ್ಳೆಪರದೆ, ಎರಡು ಕೊಂಡಿ, ಎರಡು ನೈಲಾನ್ ಹಗ್ಗ, ಮೂರು ಮೀಟರ್ ಉದ್ದದ ಮಳೆಹಾಳೆ, ನಾಲ್ಕು ಗೂಟ. ಬಳ್ಳಾರಿ, ಕೊಪ್ಪಳದ ಕಡೆಯಿಂದ ಎಂಟು ಮಂದಿ ಆಗಸ್ಟ್‌ನಲ್ಲಿ ಒಂದು ವಾರ ಸ್ವೀಡನ್ ಕಾಡಿನಲ್ಲಿ ಮಲಗಲು ಇದನ್ನೇ ಎಂಟು ತರಿಸಿದರೆ ಸಾಕೇ ಎಂಬ ಪ್ರಶ್ನೆ ಇಟ್ಟುಕೊಂಡು ಒಂದೊಂದೇ ಭಾಗ ನೋಡಿದ್ದೇವೆ. ಬಟ್ಟೆ ಪಾಸು. ಮಳೆಹಾಳೆ ಅರ್ಧ ಪಾಸು. ಹಗ್ಗ, ಕೊಂಡಿ, ಗೂಟ ಪೂರ್ತಿ ಫೇಲು. ಎಲ್ಲಕ್ಕಿಂತ ಮುಖ್ಯವಾದ ಒಂದು ವಸ್ತು ಕಿಟ್ಟಿನಲ್ಲಿ ಇಲ್ಲವೇ ಇಲ್ಲ.

ಮೊದಲು ಆ 300 ಕೆ.ಜಿ. ಲೆಕ್ಕ. ಹಗ್ಗ ನೆಲಕ್ಕೆ 30 ಡಿಗ್ರಿ ಓರೆಯಾಗಿದ್ದರೆ 80 ಕೆ.ಜಿ. ಆಳು ಮಲಗಿದಾಗ ಒಂದೊಂದು ಬದಿಯ ಹಗ್ಗದ ಮೇಲೆ ಬೀಳುವ ಎಳೆತ ಸುಮಾರು 80 ಕೆ.ಜಿ. ಅದನ್ನೇ 15 ಡಿಗ್ರಿಗೆ ಬಿಗಿದರೆ 155. ಚಿತ್ರದಲ್ಲಿರುವಂತೆ 10 ಡಿಗ್ರಿಗೆ ಬಿಗಿದರೆ 230. ಧೊಪ್ಪನೆ ಕುಂತರೆ ಆ ಕ್ಷಣದ ಎಳೆತ ಇನ್ನೂ ಮೇಲೆ. ಎಷ್ಟೋ ಸಲ ಹ್ಯಾಮಕ್ ಹರಿಯುವುದು ಬಟ್ಟೆಯ ದೋಷದಿಂದಲ್ಲ, ಬಿಗಿದ ಕೈಯಿಂದ. ಹತ್ತಿ ಬಿಡಿಸಲು ಹೋದ ತಾಯಿ ಹೊಲದ ಬದುವಿನ ಬೇವಿನ ಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟುವುದನ್ನು ನೋಡಿ: ಕೊಂಬೆಗೆ ಎತ್ತರಕ್ಕೆ ಕಟ್ಟಿ, ಹೊಟ್ಟೆ ಆಳವಾಗಿ ಜೋಲು ಬಿಡುತ್ತಾಳೆ. ಹ್ಯಾಮಕ್‌ಗೂ ಅದೇ ಸೂತ್ರ.

ಆ 30 ಡಿಗ್ರಿ ಓರೆ ಬರಲು ಕಟ್ಟುವ ಎತ್ತರ ಎಷ್ಟಿರಬೇಕು? ಎರಡು ಮರಗಳ ನಡುವಿನ ಅಂತರದ ಅರ್ಧವನ್ನು 0.58ರಿಂದ ಗುಣಿಸಿ, ಅದಕ್ಕೆ 45 ಸೆಂ.ಮೀ. ಕೂಡಿಸಿ. ಆ 45 ಸೆಂ.ಮೀ. ನೀವು ಕುರ್ಚಿಯಂತೆ ಕುಳಿತುಕೊಳ್ಳುವ ಎತ್ತರ. 4 ಮೀಟರ್ ಅಂತರಕ್ಕೆ ಮರಕ್ಕೆ ಸುತ್ತುವ ಪಟ್ಟಿ 1.6 ಮೀಟರ್ ಎತ್ತರದಲ್ಲಿ, 5 ಮೀಟರ್‌ಗೆ 1.9ರಲ್ಲಿ. ಊರಲ್ಲಿ ಕಟ್ಟಿ ನೋಡುವವರು ಎಡವುವುದು ಇಲ್ಲೇ. ತೆಂಗಿನ ತೋಟದಲ್ಲಿ ಮರದಿಂದ ಮರಕ್ಕೆ ಏಳೂವರೆ ಮೀಟರ್, ಅಲ್ಲಿ 2.6 ಮೀಟರ್ ಮೇಲೆ ಕಟ್ಟಬೇಕು, ಏಣಿ ಬೇಕು. ಹಳೇ ಮಾವಿನ ತೋಪಿನಲ್ಲಿ ಹತ್ತು ಮೀಟರ್ ಸಾಲು, ಅಲ್ಲಂತೂ ಆಸೆ ಬಿಡಿ. ಆಗ ಜನ ತಮ್ಮ ಕೈಗೆಟುಕುವಷ್ಟರಲ್ಲೇ ಕಟ್ಟಿ, ನೆಲ ತಾಗದಿರಲಿ ಎಂದು ಬಿಗಿದು, ಬೆನ್ನು ನೋಯುತ್ತದೆ ಎಂದು ಕಿಟ್ಟಿಗೆ ಒಂದೇ ಸ್ಟಾರ್ ಕೊಡುತ್ತಾರೆ. ನಾಲ್ಕೂವರೆ ಮೀಟರ್ ಅಂತರದ, ತೊಡೆಯಷ್ಟು ದಪ್ಪದ ಎರಡು ಬೇವು ಹುಡುಕಿಕೊಂಡು ಆಮೇಲೆ ವಿಮರ್ಶೆ ಬರೆಯಲಿ.

ಹುಡುಕುವುದು ಸ್ವಂತ ಹೊಲದಲ್ಲೋ ನೆಂಟರ ತೋಟದಲ್ಲೋ ಇರಲಿ. ಸಂಡೂರಿನ ಕಾಡು, ಆನೆಗೊಂದಿಯ ಗುಡ್ಡ ಎಂದು ಹೊರಡಬೇಡಿ. ಅಲ್ಲಿ ಚಿರತೆಯೂ ಇದೆ, ಕರಡಿಯೂ ಇದೆ, ಅರಣ್ಯ ಇಲಾಖೆಯೂ ಇದೆ.

ಬಟ್ಟೆಗೆ ಬರೋಣ. ನೇಯ್ಗೆ ಒತ್ತಾಗಿದೆ, ಅಂಚಿನ ಹೊಲಿಗೆ ಮೂರು ಸಾಲು, ಎಳೆ ಬಿಟ್ಟಿಲ್ಲ. ತಕರಾರು ಉದ್ದದ್ದು. ಹ್ಯಾಮಕ್‌ನಲ್ಲಿ ನೇರ ಮಲಗಿದರೆ ಬಾಳೆಹಣ್ಣಿನಂತೆ ಬಾಗುತ್ತೀರಿ. ತಲೆ ಒಂದು ಬದಿಗೆ, ಕಾಲು ಇನ್ನೊಂದು ಬದಿಗೆ ಹಾಕಿ ಓರೆಯಾಗಿ ಮಲಗಿದರೆ ಮೈ ಸಪಾಟಾಗುತ್ತದೆ. ಹಾಗೆ ಮಲಗಲು 270 ಸೆಂ.ಮೀ. ಬಟ್ಟೆ ಐದೂವರೆ ಅಡಿಯವರಿಗೆ ಕಷ್ಟಪಟ್ಟು ಸಾಲುತ್ತದೆ. ಅದಕ್ಕಿಂತ ಎತ್ತರದವರು 300ರಿಂದ 335 ಸೆಂ.ಮೀ. ಇರುವುದನ್ನೇ ಕೊಳ್ಳಬೇಕು, ದುಡ್ಡು ಒಂದಿಷ್ಟು ಹೆಚ್ಚಾದರೂ. ಜೋಲು ಪ್ರತಿರಾತ್ರಿ ಒಂದೇ ಸಮ ಬರಬೇಕೆಂದರೆ ಎರಡು ತುದಿಗಳ ನಡುವೆ ಒಂದು ಮಿಣಿ ಕಟ್ಟಿಬಿಡಿ. ಅದರ ಉದ್ದ ಬಟ್ಟೆಯ ಉದ್ದದ 83 ಶೇಕಡ. 270ಕ್ಕೆ 224, 335ಕ್ಕೆ 278 ಸೆಂ.ಮೀ. ಕನ್ನಡಕ, ಟಾರ್ಚು ನೇತುಹಾಕಲೂ ಅದೇ ಮಿಣಿ.

ಹಗ್ಗ ನೇರ ಕಸಕ್ಕೆ. ನೈಲಾನ್ ಹಗ್ಗ ಭಾರಕ್ಕೆ ಹಿಗ್ಗುತ್ತದೆ, ಒದ್ದೆಯಾದರೆ ಇನ್ನೂ ಹಿಗ್ಗುತ್ತದೆ. ರಾತ್ರಿ ಹತ್ತಕ್ಕೆ ಕುರ್ಚಿ ಎತ್ತರದಲ್ಲಿ ಮಲಗಿದವರು ಬೆಳಗಿನ ಜಾವಕ್ಕೆ ನೆಲ ಸವರುತ್ತಿರುತ್ತಾರೆ. ಜೊತೆಗೆ ತೆಳು ಹಗ್ಗ ತೊಗಟೆಯನ್ನು ಕೊಯ್ಯುತ್ತದೆ. ಸ್ವೀಡನ್ನಿನಲ್ಲಿ ಇದು ಬರೀ ಸಭ್ಯತೆಯ ವಿಷಯವಲ್ಲ: ಯಾರ ಕಾಡಿನಲ್ಲಾದರೂ ಓಡಾಡಿ ಒಂದೆರಡು ರಾತ್ರಿ ತಂಗಬಹುದು ಎನ್ನುವ 'ಅಲ್ಲೆಮನ್ಸ್‌ರೆಟ್ಟನ್' ಹಕ್ಕು ಅಲ್ಲಿದೆ, 1994ರಿಂದ ಅದು ಸಂವಿಧಾನದಲ್ಲೇ ಇದೆ, ಆದರೆ ಜೀವಂತ ಮರಕ್ಕೆ ಗಾಯ ಮಾಡುವುದು ಆ ಹಕ್ಕಿನಲ್ಲಿ ಬರುವುದಿಲ್ಲ.

ಬೇಕಾದದ್ದು ಒಂದು ಇಂಚು ಅಗಲದ ಪಾಲಿಯೆಸ್ಟರ್ ಪಟ್ಟಿ, ಬದಿಗೆ ಮೂರೂವರೆಯಿಂದ ನಾಲ್ಕು ಮೀಟರ್. ಬಳ್ಳಾರಿ, ಹೊಸಪೇಟೆಯಲ್ಲಿ ಲಾರಿ ಸಾಮಾನಿನ ಅಂಗಡಿಯಲ್ಲಿ ಲೋಡು ಬಿಗಿಯುವ ಬೆಲ್ಟು ಕೇಳಿ. ಎಲ್ಲ ಬೆಲ್ಟೂ ಪಾಲಿಯೆಸ್ಟರ್ ಅಲ್ಲ, ಹೊಳಪು ನೋಡಿ ಹೇಳಲಾಗದು. ಒಂದು ತುಂಡನ್ನು ಬಕೆಟ್ ನೀರಿನಲ್ಲಿ ಅದ್ದಿ ಹಿಂಡಿ ಬಿಡಿ: ತೇಲಿದರೆ ಪಾಲಿಪ್ರೊಪಿಲೀನ್, ವಾಪಸ್ ಕೊಡಿ. ಮುಳುಗಿದರೆ ಪಾಲಿಯೆಸ್ಟರ್ ಇಲ್ಲವೇ ನೈಲಾನ್; ಒದ್ದೆ ತುಂಡನ್ನು ಜಗ್ಗಿದಾಗ ರಬ್ಬರಿನಂತೆ ಕೊಟ್ಟರೆ ಅದು ನೈಲಾನ್, ಅದೂ ಬೇಡ.

ಪಟ್ಟಿಯ ತುದಿಗೆ ಕುಣಿಕೆ ಹೊಲಿಸಲು ಬಳ್ಳಾರಿಗಿಂತ ಒಳ್ಳೆ ಊರಿಲ್ಲ. ಜೀನ್ಸ್ ಪ್ಯಾಂಟಿನ ಬೆಲ್ಟ್ ಲೂಪಿಗೆ ಒತ್ತಾದ ಗಟ್ಟಿ ಹೊಲಿಗೆ ಹಾಕುವ ಬಾರ್‌ಟ್ಯಾಕ್ ಯಂತ್ರವೇ ಇಲ್ಲಿಗೂ ಬೇಕಾದದ್ದು. ಹತ್ತು ಸೆಂ.ಮೀ. ಮಡಿಸಿ, ಅಡ್ಡಡ್ಡ ಐದಾರು ಬಾರ್‌ಟ್ಯಾಕ್. ದಾರ ಪೂರ್ತಿ ಪಾಲಿಯೆಸ್ಟರ್ ಇರಲಿ. ಹತ್ತಿ ಬೆರೆತದ್ದು ತೇವಕ್ಕೆ ಕೊಳೆಯುತ್ತದೆ. ಆಮೇಲೆ ಅದನ್ನು ನಂಬಬೇಡಿ, ಪರೀಕ್ಷಿಸಿ: ಹ್ಯಾಮಕ್‌ನಲ್ಲಿ 50 ಕೆ.ಜಿ.ಯ ಮೂರು ಅಕ್ಕಿ ಚೀಲ ಹಾಕಿ, ನೆಲದಿಂದ ಒಂದು ಅಡಿ ಎತ್ತರದಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಂದು ಹೊಲಿಗೆ ಎಳೆ ಎದ್ದಿದ್ದರೂ ಆ ಪಟ್ಟಿ ಲಾರಿಗೇ ವಾಪಸ್. ಕಿಟ್ಟಿನ ಅಲ್ಯುಮಿನಿಯಂ ಕೊಂಡಿಗಳ ಮೇಲೆ ತಾಳಿಕೆಯ ಅಂಕಿಯೇ ಇಲ್ಲ. ಕೀಲಿಕೈಗೆ ಇಟ್ಟುಕೊಳ್ಳಿ, 12 ಕಿಲೋನ್ಯೂಟನ್ (ಸುಮಾರು 1,200 ಕೆ.ಜಿ. ಎಳೆತ) ಎಂದು ಕೊರೆದಿರುವ ಜೋಡಿ ತನ್ನಿ.

ಕಿಟ್ಟಿನಲ್ಲಿ ಇಲ್ಲದ ವಸ್ತು ಎಂದೆವಲ್ಲ, ಅದು ಬೆನ್ನ ಕೆಳಗಿನ ಬೆಚ್ಚಗೆ. ಎಂಟು ಮಂದಿಯಲ್ಲಿ ಎಂಟೂ ಮಂದಿ ಮರೆಯುವುದು ಇದನ್ನೇ, ಏಕೆಂದರೆ ನಮ್ಮ ಕಡೆ ಡಿಸೆಂಬರಿನಲ್ಲೂ ಹ್ಯಾಮಕ್ ಹಿತವಾಗಿಯೇ ಇರುತ್ತದೆ, ಏಪ್ರಿಲ್‌ನಲ್ಲಂತೂ ಕೆಳಗಿಂದ ಬೀಸುವ ಗಾಳಿಯೇ ಸುಖ. ಸ್ವೀಡನ್ನಿನ ಆಗಸ್ಟ್ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿದಾಗ ಅದೇ ಗಾಳಿ ನಡುಗಿಸುತ್ತದೆ. ಎಷ್ಟು ದುಬಾರಿ ಸ್ಲೀಪಿಂಗ್ ಬ್ಯಾಗ್ ಇದ್ದರೂ ಮೈಭಾರಕ್ಕೆ ಅದರ ಕೆಳಭಾಗ ಚಪ್ಪಟೆಯಾಗುತ್ತದೆ. ಉಬ್ಬು ಹೋದರೆ ಅದರೊಳಗಿನ ಗಾಳಿ ಹೋಯಿತು, ಗಾಳಿ ಹೋದರೆ ಬೆಚ್ಚಗೆ ಹೋಯಿತು. ಉಪಾಯ ಕೌದಿಯನ್ನು ಹೊದೆಯುವುದಲ್ಲ, ಹ್ಯಾಮಕ್‌ನ ಹೊಟ್ಟೆಯ ಹೊರಗೆ, ಕೆಳಗೆ ನೇತುಹಾಕುವುದು. ಮೈ ಅದನ್ನು ಒತ್ತುವುದಿಲ್ಲ, ಉಬ್ಬು ಉಳಿಯುತ್ತದೆ. ಅಂಡರ್‌ಕ್ವಿಲ್ಟ್ ಎಂದು ಮಾರುವುದು ಇದನ್ನೇ. ಅಜ್ಜಿಯ ಹತ್ತಿ ಕೌದಿ ಭಾರ, ಒದ್ದೆಯಾದರೆ ಎರಡು ದಿನ ಒಣಗದು, ಅದನ್ನು ಮನೆಯಲ್ಲೇ ಬಿಡಿ. ಎರಡು ಪದರ ತೆಳು ನೈಲಾನ್ ನಡುವೆ 200 ಜಿ.ಎಸ್.ಎಂ. (ಚದರ ಮೀಟರಿಗೆ 200 ಗ್ರಾಂ ತೂಗುವ) ಪಾಲಿಯೆಸ್ಟರ್ ವ್ಯಾಡಿಂಗ್, ಅಂದರೆ ಹತ್ತಿಯಂಥ ತುಂಬು ಪದರ, 195 × 115 ಸೆಂ.ಮೀ. ಅಳತೆ, ಉದ್ದದ ಎರಡೂ ಅಂಚಿನಲ್ಲಿ ನಾಲ್ಕು ಮಿ.ಮೀ. ಎಲಾಸ್ಟಿಕ್ ಹಗ್ಗ ತೂರಲು ಕೊಳವೆ. ಅದೇ ಜೀನ್ಸ್ ಘಟಕದಲ್ಲಿ ಹೊಲಿಸಬಹುದು, ಆದರೆ ಸೂಜಿ ಬದಲಿಸಲು ಹೇಳಿ: ಡೆನಿಮ್‌ಗೆ ಹಾಕುವ 18ನೇ ನಂಬರ್ ಸೂಜಿ ತೆಳು ನೈಲಾನನ್ನು ಜರಡಿ ಮಾಡುತ್ತದೆ, 11 ಅಥವಾ 12 ಸಾಕು. ಕಟ್ಟುವಾಗ ಮಲಗಿದವರ ಬೆನ್ನಿಗೂ ಕೌದಿಗೂ ನಡುವೆ ಅಂಗೈ ತೂರಿಸಿ ನೋಡಿ. ಸಡಿಲವಾಗಿ ಆಡಿದರೆ ತಣ್ಣನೆ ಗಾಳಿ ಒಳಗೆ ನುಗ್ಗುತ್ತದೆ, ಕೈ ಹೋಗದಷ್ಟು ಬಿಗಿಯಾದರೆ ಉಬ್ಬು ಸಾಯುತ್ತದೆ. ಇನ್ನೊಂದು ಲಾಭ ಉಂಟು: ಕಿಟ್ಟಿನ ಪರದೆ ಮೇಲಿಂದ ಕಾಪಾಡಿದರೂ ಸೊಳ್ಳೆಗಳು ಕೆಳಗಿಂದ ತೆಳು ಬಟ್ಟೆಯ ಮೂಲಕವೇ ಕಚ್ಚುತ್ತವೆ, ಕೌದಿ ಇದ್ದರೆ ಅವಕ್ಕೆ ನಿಲುಕದು.

ಮಳೆಹಾಳೆ 270ರ ಹ್ಯಾಮಕ್‌ಗೆ ಸರಿ: ಕಟ್ಟಿದಾಗ ಅದು ತುದಿಯಿಂದ ತುದಿಗೆ 224 ಸೆಂ.ಮೀ. ಮಾತ್ರ, ಆಚೆ ಬದಿಗೆ ಒಂದು ಅಡಿಗೂ ತುಸು ಹೆಚ್ಚು ಉಳಿಯುತ್ತದೆ. 335ರದ್ದಕ್ಕೆ ಮೂರೂಕಾಲು ಮೀಟರ್ ದಾಟಿದ ಹಾಳೆಯೇ ಬೇಕು. ನಡುವಿನ ಹೊಲಿಗೆಗೆ ಟೇಪು ಹಾಕಿಲ್ಲ, ಬೋರ್‌ವೆಲ್ ಪೈಪಿನ ನೀರು ಹತ್ತು ನಿಮಿಷ ಬಿಟ್ಟರೆ ಹನಿ ಇಳಿಯುತ್ತದೆ. ಒಳಮೈಗೆ ಪಿ.ಯು. (ಪಾಲಿಯುರಿಥೇನ್) ಲೇಪ ಇರುವುದರಿಂದ ಹೊಲಿಗೆ ಮುಚ್ಚಲು ಪಿ.ಯು. ಸೀಲರ್ ಹಚ್ಚಬೇಕು, ಸಿಲಿಕೋನ್ ಹಚ್ಚಿದರೆ ಒಣಗಿ ಸುಲಿದು ಬರುತ್ತದೆ. ಮರದಿಂದ ಪಟ್ಟಿಯ ಗುಂಟ ಹರಿದು ಬರುವ ನೀರನ್ನು ತಡೆಯಲು ಹಾಳೆಯ ಅಂಚಿನೊಳಗೆ ಪಟ್ಟಿಗೆ ಒಂದು ಗೇಣು ನೂಲಿನ ದಾರ ಕಟ್ಟಿ ಇಳಿಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತದೆ. ರಾಯಚೂರಿನ ಎರೆ ಹೊಲದಲ್ಲಿ ಕಿಟ್ಟಿನ ಗೂಟ ಬೆಣ್ಣೆಗೆ ಚುಚ್ಚಿದಂತೆ ಇಳಿಯುತ್ತದೆ, ಮೋಸ ಹೋಗಬೇಡಿ. ಸ್ವೀಡನ್ ಕಾಡಿನ ನೆಲದಲ್ಲಿ ಎಷ್ಟೋ ಕಡೆ ಒಂದು ಗೇಣಿನ ಕೆಳಗೆ ಕಲ್ಲು; ಗೂಟ ಬಾಗುತ್ತದೆ. ದಾರವನ್ನು ಬೇರಿಗೋ ದಪ್ಪ ಕಲ್ಲಿಗೋ ಸುತ್ತುವಷ್ಟು ಉದ್ದ ಇಟ್ಟುಕೊಳ್ಳಿ.

ಎಂಟು ಮಂದಿ ಎಂದರೆ ಹದಿನಾರು ಕಟ್ಟು. ಎಂಟು ಜೊತೆ ಮರ ಒಂದೇ ಕಡೆ ಸಿಗುವುದಿಲ್ಲ. ತ್ರಿಕೋನದಲ್ಲಿರುವ ಮೂರು ಮರಕ್ಕೆ ಮೂರು ಹ್ಯಾಮಕ್ ಎಂಬ ಲೆಕ್ಕದಲ್ಲಿ ಜಾಗ ನೋಡಿ. ಒಂದರ ಮೇಲೊಂದು ಕಟ್ಟುವುದು ಫೋಟೋಗೆ ಮಾತ್ರ ಚೆಂದ. ಮೇಲಿನದು ಹರಿದರೆ ಇಬ್ಬರಿಗೂ ಪೆಟ್ಟು. ಒಣಮರ, ಮೇಲೆ ಒಣಕೊಂಬೆ ಇರುವ ಮರ ಬೇಡ. ದೊಡ್ಡ ಗುಂಪಾದರೆ ಜಮೀನಿನ ಒಡೆಯರನ್ನು ಕೇಳಬೇಕು, ಮನೆಗಳಿಂದ ದೂರ ಇರಬೇಕು. ರಾಷ್ಟ್ರೀಯ ಉದ್ಯಾನಗಳಿಗೆ ಅವುಗಳದೇ ನಿಯಮ. ಹೊಸಬರ ಗುಂಪಿಗೆ ಸೋರ್ಮ್‌ಲಾಂಡ್ಸ್‌ಲೇಡೆನ್ ಕಾಲುದಾರಿ ಅನುಕೂಲ: ಸ್ಟಾಕ್‌ಹೋಮ್‌ನ ಬ್ಯೋರ್ಕ್‌ಹಾಗೆನ್ ಮೆಟ್ರೋ ನಿಲ್ದಾಣದಿಂದಲೇ ಶುರು, ಯಾರಿಗಾದರೂ ಆಗಲಿಲ್ಲವೆಂದರೆ ವಾಪಸಾಗುವುದು ಸುಲಭ. ಇದೇ ಕಿಟ್ ಹೊತ್ತು ಜರ್ಮನಿ, ನೆದರ್ಲೆಂಡ್ಸ್ ಕಾಡಿಗೆ ನುಗ್ಗಿದರೆ ದಂಡ ತೆರಬೇಕಾದೀತು. ಅಲ್ಲಿ ಗೊತ್ತುಮಾಡಿದ ಜಾಗದಲ್ಲೇ ಮಲಗಬೇಕು.

ಸ್ವೀಡನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ತಂಗುವ ಜಾಗದ ದಾಖಲೆ ಬೇಕು. 'ಎರಡು ಮರಗಳ ನಡುವೆ' ಎಂದು ಬರೆದರೆ ನಡೆಯದು, ಕ್ಯಾಂಪಿಂಗ್ ಮೈದಾನ ಅಥವಾ ಹಾಸ್ಟೆಲ್ ಬುಕಿಂಗ್ ಇಟ್ಟುಕೊಳ್ಳಿ. 30,000 ಯೂರೋ ವ್ಯಾಪ್ತಿಯ ಪ್ರಯಾಣ ವಿಮೆಯೂ ಕಡ್ಡಾಯ. ಅರ್ಜಿ ಆರು ತಿಂಗಳು ಮುಂಚೆಯೇ ಹಾಕಬಹುದು.

ಗ್ಯಾಸ್ ಡಬ್ಬಿ ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ 230 ಗ್ರಾಮಿನ ತಿರುಪಿನ ಡಬ್ಬಿ ಕೊಳ್ಳಿ. ನಾಲ್ವರಿಗೆ ಒಂದು ಒಲೆ. ಬೇಸಿಗೆಯಲ್ಲಿ ಅಲ್ಲಿ ಬೆಂಕಿ ನಿಷೇಧ ಜಾರಿಗೆ ಬರುವುದುಂಟು, ಸೌದೆ ನೆಚ್ಚಿಕೊಂಡು ಅಡುಗೆ ಯೋಜನೆ ಬೇಡ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡರೆ ಅರ್ಧ ಊಟಕ್ಕೆ ಒಲೆಯೇ ಬೇಡ. ತುಪ್ಪ, ಪೇಡೆ ಮಾತ್ರ ಬಿಟ್ಟು ಬನ್ನಿ: ಹೊರಗಿನ ದೇಶಗಳ ಹಾಲಿನ ಪದಾರ್ಥ, ಮಾಂಸ ಎರಡನ್ನೂ ಐರೋಪ್ಯ ಒಕ್ಕೂಟದ ಕಸ್ಟಮ್ಸ್‌ನವರು ಒಳಗೆ ಬಿಡುವುದಿಲ್ಲ.

ಕೊಳ್ಳುವುದಾದರೆ ಎಂಟೂ ಕಿಟ್ ಒಂದೇ ಸಲ ತರಿಸಬೇಡಿ. ಒಂದು ತರಿಸಿ, ಅಕ್ಕಿ ಚೀಲ ಹಾಕಿ, ಪೈಪು ಬಿಟ್ಟು, ವಾಪಸ್ ಕಳಿಸುವ ಅವಧಿ ಮುಗಿಯುವ ಮೊದಲು ನೋಡಿ. ಆಮೇಲೆ ಗುಂಪಿನಲ್ಲಿ ಐದೂವರೆ ಅಡಿಯೊಳಗಿನವರು ಎಷ್ಟು ಮಂದಿಯೋ ಅಷ್ಟೇ ಕಿಟ್.