ಹಡಗಿನ ಹಳೇ ದೀಪ ಕೊಳ್ಳುವ ಮುಂಚೆ ಬುಡ ಮಗುಚಿ ನೋಡಿ

ಮೊದಲೇ ಹೇಳಿಬಿಡುತ್ತೇನೆ. ಹಳೇ ಕಾಲದ್ದು ಅಂತ ಮಾರುವ ಟೇಬಲ್ ಲ್ಯಾಂಪ್ ಇಷ್ಟವಾದರೆ, ಅಂದ ನೋಡುವ ಮುಂಚೆ ಅದನ್ನು ಮಗುಚಿ. ಬುಡದಲ್ಲಿ ವೈರ್ ಹೇಗೆ ಹೊರಗೆ ಬಂದಿದೆ ಅಂತ ನೋಡಿ. ನಾನು ನೋಡಲಿಲ್ಲ. ನಮ್ಮ ಅಮ್ಮನಿಗೆ ಶಾಕ್ ಹೊಡೆಯಿತು.

ನಾನು ಬೆಳೆದದ್ದು ಕಾಪುವಿನಲ್ಲಿ. ಅಲ್ಲಿನ ಲೈಟ್‌ಹೌಸ್ 1901ರದ್ದು. ಚಿಕ್ಕಂದಿನಲ್ಲಿ ರಾತ್ರಿ ಜಗಲಿಯಲ್ಲಿ ಕೂತು ಅದರ ಬೆಳಕು ಮತ್ತೆ ಯಾವಾಗ ಬರುತ್ತದೆ ಅಂತ ಎಣಿಸುತ್ತಿದ್ದೆವು. ಬೆಂಗಳೂರಿಗೆ ಬಂದು ಹನ್ನೆರಡು ವರ್ಷವಾಯಿತು. ಹೋದ ವರ್ಷ ಸ್ವಂತ ಮನೆಗೆ ಬಂದಾಗ, ಕಡಲಿನ ನೆನಪಿಗೆ ಹಾಲ್‌ನಲ್ಲಿ ಒಂದು ದೀಪ ಇರಲಿ ಅಂತ ಆಸೆಯಾಯಿತು.

ಹಳೇ ಸಾಮಾನು ಮಾರುವ ಒಂದು ಅಂಗಡಿಗೆ ಹೋದೆ. ಅಂಗಡಿಯವರು ಒಂದು ದೀಪ ತೋರಿಸಿದರು. ದಪ್ಪ ಗಾಜಿನ ಬುರುಡೆ, ಅದರ ಸುತ್ತ ಹಿತ್ತಾಳೆ ಕಂಬಿಗಳ ಪಂಜರ, ಕೆಳಗೆ ಮರದ ಪೀಠ. ಪಕ್ಕದಲ್ಲಿ ಒಂದು ಪುಟ್ಟ ಫಲಕ, ಅದರ ಮೇಲೆ 'ಲಂಡನ್, 1920'. "ಅಲಂಗ್ ಮಾಲು ಮೇಡಂ. ನಿಜವಾದ ಹಡಗಿಂದು" ಅಂದರು. ಅಲಂಗ್ ಹೆಸರು ನನಗೆ ಗೊತ್ತಿತ್ತು. ಗುಜರಾತಿನ ಭಾವನಗರ ಜಿಲ್ಲೆಯಲ್ಲಿದೆ. 1983ರಿಂದ ಅಲ್ಲಿ ಹಡಗು ಒಡೆಯುತ್ತಾರೆ. ಹಡಗಿನಿಂದ ಇಳಿಸಿದ ದೀಪ, ಕುರ್ಚಿ, ಪಿಂಗಾಣಿ ಎಲ್ಲ ಅಲ್ಲಿನ ರಸ್ತೆಬದಿ ಅಂಗಡಿಗಳಿಗೆ ಬರುತ್ತದೆ. ಹಾಗಾಗಿ ನಂಬಿದೆ. 14,500 ಹೇಳಿದರು, 12,000ಕ್ಕೆ ಕೊಟ್ಟರು. ಬಿಲ್ ಕೇಳಿದ್ದಕ್ಕೆ ಒಂದು ಎಸ್ಟಿಮೇಟ್ ಚೀಟಿ ಬರೆದುಕೊಟ್ಟರು. ಅದರಲ್ಲಿ ಇದ್ದದ್ದು 'ಲ್ಯಾಂಪ್ 1' ಅಂತ ಮಾತ್ರ.

ಎರಡು ತಿಂಗಳು ಚೆನ್ನಾಗಿಯೇ ಉರಿಯಿತು. ಆಮೇಲೆ ಅಮ್ಮ ಊರಿನಿಂದ ಬಂದಳು. ದೀಪ ನೋಡಿದ್ದೇ, "ಎಂತ ಇದು, ಇಷ್ಟು ಕಪ್ಪು! ಹುಳಿ ಹಾಕಿ ತಿಕ್ಕಿದ್ರೆ ಬಂಗಾರದ ಹಾಗೆ ಆಗ್ತದೆ" ಅಂದಳು. ನಾನು ಬೇಡ ಅಂದಿದ್ದೆ. ಮಾರನೇ ದಿನ ಬೆಳಗ್ಗೆ ನಾನು ಅಡುಗೆಮನೆಯಲ್ಲಿದ್ದಾಗ ಅವಳು ಒದ್ದೆ ಬಟ್ಟೆ ಹಿಡಿದು ಮೊದಲು ಧೂಳು ಒರೆಸಲು ಹೋದಳು. ಬರಿಗಾಲು, ಗ್ರಾನೈಟ್ ನೆಲ. ದೀಪದ ಸ್ವಿಚ್ ಆಫ್ ಮಾಡಿಯೇ ಮುಟ್ಟಿದ್ದಳು. ಒಂದು ಕೂಗು ಕೇಳಿಸಿತು. ಅದೇ ಹೊತ್ತಿಗೆ ಇಡೀ ಮನೆಯ ಕರೆಂಟ್ ಹೋಯಿತು. ಓಡಿ ಬಂದು ನೋಡಿದರೆ ಅಮ್ಮ ಸೋಫಾ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು. ಕೈ ನಡುಗುತ್ತಿತ್ತು. ಅವಳಿಗೆ 68 ವರ್ಷ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿದೆವು. ಏನೂ ತೊಂದರೆ ಇಲ್ಲ ಅಂತ ಡಾಕ್ಟರ್ ಹೇಳುವ ತನಕ ನನಗೆ ಉಸಿರಾಡುವುದೇ ಕಷ್ಟವಾಗಿತ್ತು.

ಸಂಜೆ ಎಲೆಕ್ಟ್ರಿಷಿಯನ್ ಬಂದರು. ದೀಪದ ಬುಡ ಬಿಚ್ಚಿ ನನಗೆ ತೋರಿಸಿದರು. ವೈರ್ ಹೊರಗೆ ಬರುವ ತೂತಿಗೆ ರಬ್ಬರ್ ಬುಷ್ ಹಾಕಿರಲಿಲ್ಲ. ತಗಡಿನ ಅಂಚು ಬ್ಲೇಡ್ ತರಹ ಇತ್ತು. ದೀಪವನ್ನು ಅತ್ತ ಇತ್ತ ಸರಿಸಿದಾಗಲೆಲ್ಲ ಆ ಅಂಚು ವೈರನ್ನು ಸ್ವಲ್ಪ ಸ್ವಲ್ಪವೇ ಕೊಯ್ದಿತ್ತು. ಒಳಗಿನ ತಾಮ್ರ ದೀಪದ ಮೈಗೆ ತಾಗಿತ್ತು. ಪೀಠ ಬಿಟ್ಟರೆ ಮೈ ಲೋಹದ್ದು, ಆದರೂ ಹಾಕಿದ್ದು ಎರಡು ಪಿನ್ನಿನ ಪ್ಲಗ್. ಅರ್ಥಿಂಗ್ ಇಲ್ಲವೇ ಇಲ್ಲ.

ಆಫ್ ಮಾಡಿದ್ದರೂ ಶಾಕ್ ಯಾಕೆ ಹೊಡೆಯಿತು ಅಂತ ಕೇಳಿದೆ. ಇದನ್ನು ದಯವಿಟ್ಟು ಎಲ್ಲರೂ ತಿಳಿದುಕೊಳ್ಳಿ. ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ತಿರುಗಿಸಿ ಚುಚ್ಚಬಹುದು. ವೈರಿನ ಮಧ್ಯೆ ಇರುವ ಸ್ವಿಚ್ ಕಡಿಯುವುದು ಒಂದು ಎಳೆಯನ್ನು ಮಾತ್ರ. ಪ್ಲಗ್ ಉಲ್ಟಾ ಕೂತರೆ ಸ್ವಿಚ್ ಕಡಿಯುವುದು ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ಎಳೆ. ಬಲ್ಬ್ ಆರಿರುತ್ತದೆ, ಆದರೆ ಕರೆಂಟ್ ತರುವ ಎಳೆ, ಅಂದರೆ ಫೇಸ್, ದೀಪದವರೆಗೂ ಬಂದು ನಿಂತಿರುತ್ತದೆ. ನಮ್ಮ ಮನೆಯಲ್ಲಿ ಆಗಿದ್ದು ಅದೇ. 230 ವೋಲ್ಟ್ ಅಮ್ಮನ ಒದ್ದೆ ಕೈಗಾಗಿ ಕಾದಿತ್ತು. ಮೂರು ಪಿನ್ನಿನ ಪ್ಲಗ್ ಒಂದೇ ರೀತಿ ಕೂರುತ್ತದೆ. ಮೈಗೆ ಅರ್ಥ್ ಕೊಟ್ಟಿದ್ದರೆ ವೈರ್ ತಾಗಿದ ಕೂಡಲೇ ಕರೆಂಟ್ ನೆಲಕ್ಕೆ ಹೋಗಿ ಟ್ರಿಪ್ ಆಗುತ್ತಿತ್ತು. ಯಾರೂ ಮುಟ್ಟುವ ತನಕ ಕಾಯಬೇಕಿರಲಿಲ್ಲ.

"ಪುಣ್ಯಕ್ಕೆ ನಿಮ್ಮ ಮನೇಲಿ ಇಎಲ್‌ಸಿಬಿ ಇದೆ ಮೇಡಂ" ಅಂದರು ಅವರು. ಇಎಲ್‌ಸಿಬಿ ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ, ಬೋರ್ಡಿನಲ್ಲಿರುವ ಸ್ವಿಚ್. ನಮ್ಮದು 30 ಮಿಲಿಆಂಪ್‌ನದ್ದು. ಅಷ್ಟು ಸೋರಿದರೆ ಕರೆಂಟ್ ಕಡಿದುಬಿಡುತ್ತದೆ. ನಿಮ್ಮ ಬೋರ್ಡಿನಲ್ಲಿ ಅದು ಇದೆಯಾ, ಅದರ ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದಾ ಅಂತ ಇವತ್ತೇ ನೋಡಿ. ದೀಪ ಕೊಳ್ಳದವರೂ ನೋಡಿ.

ಅಮ್ಮ ಸುಮ್ನೆ ಕೂರುವವಳಲ್ಲ. ಬಿಚ್ಚಿಟ್ಟ ಪಂಜರವನ್ನು ಸಿಂಕಿಗೆ ಒಯ್ದು ಹುಣಸೆಹುಳಿ ಹಾಕಿ ತಿಕ್ಕಿಯೇಬಿಟ್ಟಳು. ಕಪ್ಪು ಹೋಯಿತು. ಅದರ ಜೊತೆ ಹಿತ್ತಾಳೆಯ ಹಳದಿಯೂ ಅಂಚುಗಳಲ್ಲಿ ಹೋಯಿತು. ಒಳಗೆ ಬೂದು ಬಣ್ಣದ ಕಬ್ಬಿಣ! ಫ್ರಿಜ್ಜಿನ ಮೇಲಿದ್ದ ಮ್ಯಾಗ್ನೆಟ್ ತಂದು ಹಿಡಿದೆ, ಗಪ್ಪನೆ ಅಂಟಿಕೊಂಡಿತು. ಹಿತ್ತಾಳೆಗೆ ಮ್ಯಾಗ್ನೆಟ್ ಅಂಟುವುದಿಲ್ಲ. ಅಂಗಡಿಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಳ್ಳಿ. ಅಂಟಿದರೆ ಒಳಗಿರುವುದು ಕಬ್ಬಿಣ. ಅಂಟದಿದ್ದರೂ ಕೈಯಲ್ಲಿ ಎತ್ತಿ ನೋಡಿ, ಅಲ್ಯೂಮಿನಿಯಂಗೂ ಅದು ಅಂಟುವುದಿಲ್ಲ, ಆದರೆ ಹಿತ್ತಾಳೆ ಭಾರ ಜಾಸ್ತಿ.

ಆ 1920ರ ಫಲಕವನ್ನು ಕೂರಿಸಿದ್ದು ಪ್ಲಸ್ ತಲೆಯ ಸ್ಕ್ರೂಗಳಿಂದ. ಅಂಥ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಅದೂ ಅಲ್ಲದೆ, ದೀಪಕ್ಕೆ ನಿಜವಾಗಿ ನೂರು ವರ್ಷ ದಾಟಿದ್ದರೆ ಅದನ್ನು ಹೀಗೆ ಸುಮ್ನೆ ಮಾರುವ ಹಾಗಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ವ್ಯಾಪಾರಿಗೆ ಲೈಸೆನ್ಸ್ ಬೇಕು. ನೂರು ವರ್ಷದ್ದು ಅಂದವರನ್ನು ಲೈಸೆನ್ಸ್ ತೋರಿಸಿ ಅಂತ ಕೇಳಿ.

ಹೊಸದಾಗಿ ಮಾಡಿದ ದೀಪ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಉತ್ತರ ಪ್ರದೇಶದ ಮುರಾದಾಬಾದಿನಲ್ಲಿ ಹಡಗಿನ ಮಾದರಿಯ ದೀಪಗಳನ್ನು ಅಪ್ಪಟ ಹಿತ್ತಾಳೆಯಲ್ಲೇ ಚೆನ್ನಾಗಿ ಮಾಡುತ್ತಾರೆ. ಹೊಸದು ಅಂತ ಗೊತ್ತಿದ್ದು, ಹೊಸದರ ಬೆಲೆಗೆ ಕೊಂಡರೆ ಮೋಸವೇ ಇಲ್ಲ, ಅಲ್ವಾ?

ದೀಪ ವಾಪಸ್ ಕೊಡಲು ಹೋದೆ. ದುಡ್ಡು ಕೊಡಲ್ಲ, ಬೇರೆ ತಗೊಳ್ಳಿ ಅಂದರು. ತೋರಿಸಿದ್ದು ಇನ್ನೊಂದು ಟೇಬಲ್ ಲ್ಯಾಂಪ್. ಬುಡದ ತುಂಬ ಬಿಳಿ ಹವಳದ ಕೊಂಬೆಗಳು, ಮಧ್ಯೆ ಒಣಗಿಸಿದ ಎರಡು ಕಡಲ ಕುದುರೆ. "ಎಲ್ಲ ಒರಿಜಿನಲ್" ಅಂತ ಹೆಮ್ಮೆಯಿಂದ ಹೇಳಿದರು. ನನಗೆ ಹೊಟ್ಟೆ ತೊಳಸಿದ ಹಾಗಾಯಿತು. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿನಡಿಯಲ್ಲಿ ಜೀವಂತ ಹವಳ ನೋಡಿದವಳು ನಾನು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿ, ಆನೆಗೆ ಮಾತ್ರ ಅಲ್ಲ. ಹವಳ, ಕಡಲ ಕುದುರೆ, ಕೆಲವು ಜಾತಿಯ ಶಂಖ ಮತ್ತು ಚಿಪ್ಪುಗಳಿಗೂ ಅದರ ರಕ್ಷಣೆ ಇದೆ. ಮಾರಿದವರಷ್ಟೇ ಅಲ್ಲ, ಕೊಂಡವರೂ ಸಿಕ್ಕಿಬೀಳುತ್ತಾರೆ. ಯಾವ ಚಿಪ್ಪಿಗೆ ರಕ್ಷಣೆ ಇದೆ ಅಂತ ನಮಗೆ ನೋಡಿದ ಕೂಡಲೇ ತಿಳಿಯುವುದಿಲ್ಲ. ಹಾಗಾಗಿ ನಾನಂತೂ ಕಡಲಿನ ಅಂದ ಬೇಕಾದರೆ ನೀಲಿ ಗಾಜು, ಪಿಂಗಾಣಿ, ಹುರಿಹಗ್ಗ, ಮರ, ಇಷ್ಟರಲ್ಲೇ ಹುಡುಕುತ್ತೇನೆ.

ಅಲ್ಲಿಂದ ಬರಿಗೈಯಲ್ಲಿ ಬಂದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡೋಣ ಅಂದುಕೊಂಡೆ. ಆದರೆ ಹಿತ್ತಾಳೆ ಅಂತಲಾಗಲಿ, ಹಳೇದು ಅಂತಲಾಗಲಿ ನನ್ನ ಚೀಟಿಯಲ್ಲಿ ಒಂದಕ್ಷರವೂ ಇರಲಿಲ್ಲ. ಬಾಯಲ್ಲಿ ಹೇಳಿದ್ದನ್ನೆಲ್ಲ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಎದ್ದು ಬನ್ನಿ. ವಿದೇಶದಿಂದ ತಂದ ಹಳೇ ದೀಪವಾದರೆ ವೋಲ್ಟೇಜ್ ಕೂಡ ಕೇಳಿ. ಅಮೆರಿಕದಲ್ಲಿ 120 ವೋಲ್ಟ್, ಅಲ್ಲಿನ ಬಲ್ಬ್ ಇಲ್ಲಿ ಹಾಕಿದ ಕೂಡಲೇ ಸುಟ್ಟುಹೋಗುತ್ತದೆ.

ಎಲೆಕ್ಟ್ರಿಷಿಯನ್ 650 ರೂಪಾಯಿಗೆ ಎಲ್ಲ ಸರಿಮಾಡಿಕೊಟ್ಟರು. ಮೂರೆಳೆಯ ವೈರ್, ಮೈಗೆ ಅರ್ಥ್, ತೂತಿಗೆ ಬುಷ್, ಮೂರು ಪಿನ್ನಿನ ಪ್ಲಗ್. ಒಳಗೆ 5 ವಾಟಿನ ಎಲ್‌ಇಡಿ, ಮುಚ್ಚಿದ ಗಾಜಿನೊಳಗೆ ಬಿಸಿ ಆಗಬಾರದು ಅಂತ. ಆ ದೀಪ ಈಗಲೂ ಹಾಲ್‌ನಲ್ಲೇ ಇದೆ. ಅಮ್ಮ ಮೊನ್ನೆ ಮತ್ತೆ ಬಂದಿದ್ದಳು. ಮೊದಲು ಪ್ಲಗ್ ಕಿತ್ತಳು. ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬಲಗೈಯಿಂದ ದೀಪ ಒರೆಸಿದಳು.