ಗುರುವಾರದ ಬರ ನಕ್ಷೆ: ಈ ವಾರಕ್ಕೆ ಸರಿ, ಹಳೆಯ ಬರಕ್ಕೆ ಸಾಲದು

ಯು.ಎಸ್. ಡ್ರಾಟ್ ಮಾನಿಟರ್ ಪ್ರತಿ ಗುರುವಾರ ಹೊಸ ಬರ ನಕ್ಷೆ ಹಾಕುತ್ತದೆ. ದುಡ್ಡು ಕೊಡಬೇಕಿಲ್ಲ. ಅರಿಜೋನಾದಲ್ಲಿರುವ ನಾನು ಹವಾಮಾನದ ಆ್ಯಪ್‌ಗಿಂತ ಇದನ್ನೇ ಜಾಸ್ತಿ ನೋಡುತ್ತೇನೆ. ವರ್ಷವಿಡೀ ಬಿಸಿಲಿರುವ ಕಡೆ ಆ್ಯಪ್ ತಾನೇ ಏನು ಹೊಸದು ಹೇಳುತ್ತೆ, ಅಲ್ವಾ?

ಮಳೆ ಇಲ್ಲ ಅಂತ ಮರುಭೂಮಿಗೆ ಸುಮ್ನೆ ಕೆಂಪು ಬಳಿಯುವುದಿಲ್ಲ, ಅದು ನನಗೆ ಇಷ್ಟ. ಆ ಜಾಗದಲ್ಲಿ, ವರ್ಷದ ಆ ಹೊತ್ತಿಗೆ ವಾಡಿಕೆಯಂತೆ ಎಷ್ಟಿರಬೇಕಿತ್ತು ಎಂಬುದೇ ಲೆಕ್ಕ. ಹಳದಿ ಡಿ0ಯಿಂದ ಕಡುಗೆಂಪು ಡಿ4ರವರೆಗೆ ಐದು ಹಂತ. ಮಣ್ಣಿನ ತೇವ, ನದಿಯ ಹರಿವು, ಬೆಟ್ಟದ ಹಿಮ ಎಲ್ಲವನ್ನೂ ನೋಡಿ ಕೊನೆಗೆ ಗೆರೆ ಎಳೆಯುವವರು ಮನುಷ್ಯರೇ. ಎಲ್ ಅಕ್ಷರ ಕಂಡರೆ ಆರು ತಿಂಗಳು ಮೀರಿದ ಬರ ಎಂದು ತಿಳಿಯಬೇಕು. ಒಂದು ಜೋರು ಮಳೆ ಬಂದು ಅಂಗಳ ಹಸಿರಾದರೂ ಆ ಎಲ್ ಅಲ್ಲೇ ಇರಬಹುದು.

ಆದರೆ ಆರು ತಿಂಗಳೂ ಎಲ್, ಇಪ್ಪತ್ತು ವರ್ಷವೂ ಎಲ್! ಹಳೆಯ ನಕ್ಷೆಗಳು ಸಿಗುವುದು 2000ದಿಂದ. ನೈಋತ್ಯ ಅಮೆರಿಕದ ಈಗಿನ ಮಹಾಬರ ಶುರುವಾದದ್ದೂ ಅದೇ ವರ್ಷ. ಹಾಗಾಗಿ ಇಲ್ಲಿನ ಒಳ್ಳೆಯ ಕಾಲ ಈ ನಕ್ಷೆಗೆ ಹೆಚ್ಚು ಗೊತ್ತೇ ಇಲ್ಲ.

ಅದಕ್ಕೇ ನಾರ್ತ್ ಅಮೆರಿಕನ್ ಡ್ರಾಟ್ ಅಟ್ಲಾಸ್ ಕೂಡ ತೆರೆದು ನೋಡಿ. ಮರದ ಉಂಗುರಗಳಿಂದ ಹಿಂದಿನ ಬೇಸಿಗೆಗಳನ್ನು ಒಂದೊಂದಾಗಿ ಲೆಕ್ಕ ಹಾಕಿದ್ದಾರೆ. ಸಾವಿರ ವರ್ಷಕ್ಕೂ ಹಿಂದೆ ಹೋಗಬಹುದು. 1930ರ, 1950ರ ದಶಕಗಳ ಬರವಂತೂ ಸರಿ, 1276ರಿಂದ 1299ರ ಬರದ ಮುಂದೆ ಅವು ಚಿಕ್ಕವು. ಬರ ಇಲ್ಲಿ ಅಪರೂಪದ ಅತಿಥಿಯಲ್ಲ, ಮತ್ತೆ ಮತ್ತೆ ಬಂದು ದಶಕಗಟ್ಟಲೆ ಕೂರುತ್ತದೆ. 2000–2021 ಮಾತ್ರ ಕನಿಷ್ಠ 1200 ವರ್ಷಗಳಲ್ಲೇ ಅತಿ ಒಣಗಿದ 22 ವರ್ಷ. ಬಿಸಿ ಏರಿದ್ದೂ ಅದಕ್ಕೆ ಒಂದು ದೊಡ್ಡ ಕಾರಣ.

1922ರಲ್ಲಿ ಅರಿಜೋನಾಕ್ಕೂ ನೀರು ಕೊಡುವ ಕೊಲರಾಡೋ ನದಿಯನ್ನು ರಾಜ್ಯಗಳ ನಡುವೆ ಹಂಚಿಕೊಂಡವರ ಕೈಯಲ್ಲಿ ಇಂಥ ಅಟ್ಲಾಸ್ ಇರಲಿಲ್ಲ. ಅವರು ನೋಡಿದ್ದು ತುಂಬಾ ನೀರಿದ್ದ ಕೆಲವೇ ವರ್ಷಗಳ ಲೆಕ್ಕ. ನದಿಯಲ್ಲಿ ಇರುವುದಕ್ಕಿಂತ ಜಾಸ್ತಿ ನೀರು ಕಾಗದದ ಮೇಲೆ ಹಂಚಿಹೋಯಿತು.

ಅಟ್ಲಾಸ್‌ನ ಕೊರತೆ ಎಂದರೆ ವರ್ಷಕ್ಕೆ ಬೇಸಿಗೆಯದೊಂದೇ ಅಂಕಿ. ನದಿಯನ್ನು ತುಂಬಿಸುವ ಚಳಿಗಾಲದ ಹಿಮ ಅದರಲ್ಲಿ ಬೇರೆಯಾಗಿ ಕಾಣುವುದಿಲ್ಲ. ಸಂಶೋಧಕರಿಗೆಂದು ಮಾಡಿದ್ದು, ಅಭ್ಯಾಸವಾಗಲು ತಾಳ್ಮೆ ಬೇಕು.

ನಕ್ಷೆಗೆ ಐದಕ್ಕೆ ನಾಲ್ಕು, ಅಟ್ಲಾಸ್‌ಗೆ ಮೂರೂವರೆ. ನಲ್ಲಿ ನೀರಿನ ಗತಿ ಮಾತ್ರ ಎರಡರಲ್ಲೂ ಹುಡುಕಬೇಡಿ. ಅದಕ್ಕೆ ಆ ನದಿಯ ದೊಡ್ಡ ಅಣೆಕಟ್ಟುಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬ್ಯೂರೋ ಆಫ್ ರೆಕ್ಲಮೇಶನ್ ತಿಂಗಳಿಗೊಮ್ಮೆ ಕೊಡುವ, ಜಲಾಶಯಗಳ ನೀರಿನ ಮಟ್ಟದ 24 ತಿಂಗಳ ಅಂದಾಜು ಇದೆ. ಅದರಲ್ಲೂ ಆಗಸ್ಟಿನದು ಓದಿ. 2021ರ ಆಗಸ್ಟಿನ ಅಂದಾಜು ಬಂದಾಗಲೇ ಕೊಲರಾಡೋದ ದೊಡ್ಡ ಜಲಾಶಯ ಲೇಕ್ ಮೀಡ್‌ನಲ್ಲಿ ಮೊದಲ ಬಾರಿಗೆ ನೀರಿನ ಕೊರತೆ ಘೋಷಿಸಿದ್ದು, ಅರಿಜೋನಾ ಪಾಲಿಗೆ ದೊಡ್ಡ ಕಡಿತ ಬಿದ್ದದ್ದು.