ಧ್ಯಾನದ ಮೂಲೆಗೆ ಯಾವ ಕಾರಂಜಿ? ಸೋಲಾರ್, ಸಿದ್ಧ ಸೆಟ್, ಬರೀ ಪಂಪ್

ತಾರಸಿಯಲ್ಲೋ ಹಿತ್ತಲಲ್ಲೋ ಧ್ಯಾನಕ್ಕೆಂದು ಹಸಿರು ಮೂಲೆ ಮಾಡಿಕೊಂಡವರು ಗಿಡಗಳಾದ ಮೇಲೆ ಕೊಳ್ಳುವುದು ಕಾರಂಜಿ. ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ: ನೀರಿನ ಮೇಲೆ ತೇಲುವ ಸೋಲಾರ್ ತಟ್ಟೆ, ಫೈಬರ್ ಬುದ್ಧ ಕೂತಿರುವ ಸಿದ್ಧ ಸೆಟ್, ಬರೀ ಸಬ್‌ಮರ್ಸಿಬಲ್ (ನೀರಲ್ಲಿ ಮುಳುಗಿಯೇ ಓಡುವ) ಪಂಪ್. ದುಡ್ಡು ಹಾಕಬೇಕಾದ್ದು ಮೂರನೆಯದಕ್ಕೆ.

ಸೋಲಾರ್ ತಟ್ಟೆಯ ತೊಂದರೆ ಸರಳ. ಬ್ರಾಹ್ಮೀ ಮುಹೂರ್ತ ಶುರುವಾಗುವುದು ಸೂರ್ಯೋದಯಕ್ಕೆ 96 ನಿಮಿಷ ಮೊದಲು. ಬ್ಯಾಟರಿ ಇಲ್ಲದ ತಟ್ಟೆ ಆ ಹೊತ್ತಿಗೆ ಸುಮ್ಮನೆ ತೇಲುತ್ತಿರುತ್ತದೆ. ಯಾರೂ ಕೂರದ ನಡುಮಧ್ಯಾಹ್ನ ಜೋರಾಗಿ ಚಿಮ್ಮಿ, ಗಾಳಿಗೆ ನೀರನ್ನು ಹೊರಗೆಲ್ಲ ಚೆಲ್ಲುತ್ತದೆ. ಬ್ಯಾಟರಿ ಇದ್ದದ್ದೂ ಮಳೆಗಾಲದ ಮೋಡದಲ್ಲಿ ಪೂರ್ತಿ ಚಾರ್ಜ್ ಆಗುವುದಿಲ್ಲ. ಸಿದ್ಧ ಸೆಟ್ಟು ಒಳಾಂಗಣಕ್ಕೆ ಪರವಾಗಿಲ್ಲ. ಹೊರಗಿಟ್ಟರೆ ಬಿಸಿಲಿಗೆ ಬಣ್ಣ ಬಿಡುತ್ತದೆ, ಅದರಲ್ಲಿ ಹಿಡಿಯುವ ನಾಲ್ಕೈದು ಲೀಟರ್ ನೀರು ಬೇಸಿಗೆಯಲ್ಲಿ ಬೇಗ ಇಳಿದು ಪಂಪ್ ಒಣಗುತ್ತದೆ. ಕೆಲವು ಸೆಟ್ಟುಗಳಲ್ಲಿ ಪಂಪನ್ನು ಒಳಗೇ ಅಂಟಿಸಿಬಿಟ್ಟಿರುತ್ತಾರೆ. ಅಂಥದ್ದರಲ್ಲಿ ಪಂಪ್ ಕೆಟ್ಟರೆ ಬುದ್ಧನನ್ನೂ ಬದಲಾಯಿಸಬೇಕು!

ಇನ್ನು ಬರೀ ಪಂಪ್. 18 ವ್ಯಾಟಿನದು ಎಲ್ಲೆಡೆ ಸಿಗುತ್ತದೆ. ಡಬ್ಬದ ಮೇಲೆ ಸಾಮಾನ್ಯವಾಗಿ ಗಂಟೆಗೆ 1100 ಲೀಟರ್, ಹೆಡ್ (ನೀರೆತ್ತುವ ಎತ್ತರ) 1.85 ಮೀಟರ್ ಎಂದು ಬರೆದಿರುತ್ತದೆ. ಇವೆರಡೂ ಒಟ್ಟಿಗೆ ಸಿಗುವ ಅಂಕಿಗಳಲ್ಲ. 1100 ಲೀಟರ್ ಬರುವುದು ನೀರನ್ನು ಮೇಲೆತ್ತದೇ ಇದ್ದಾಗ, 1.85 ಮೀಟರಿಗೆ ಹೋದರೆ ಹರಿವೇ ನಿಲ್ಲುತ್ತದೆ. 60 ಸೆಂ.ಮೀ. ಎತ್ತಿದರೆ ಸುಮಾರು ಮೂರನೇ ಎರಡು ಪಾಲು ಬರುತ್ತದೆ, ಅದೂ ಧ್ಯಾನಕ್ಕೆ ಹೆಚ್ಚೇ. ಹರಿವು ತಗ್ಗಿಸಲು ಪಂಪಿನ ಬಾಯಲ್ಲಿರುವ ಜಾರುಪಟ್ಟಿಯನ್ನು ಅರ್ಧ ಮುಚ್ಚಿ. ದಿನಕ್ಕೆ ಒಂದು ಗಂಟೆ ಓಡಿಸಿದರೆ ತಿಂಗಳಿಗೆ ಅರ್ಧ ಯೂನಿಟ್ ಚಿಲ್ಲರೆ ಕರೆಂಟು.

ಸದ್ದು ಚೆನ್ನಾಗಿರುವುದು ಬೀಳುವ ಎತ್ತರದಿಂದ. 10ರಿಂದ 15 ಸೆಂ.ಮೀ. ಸಾಕು. ಒಂದು ಅಡಿ ದಾಟಿದರೆ ನೀರು ಸಿಡಿಯುತ್ತದೆ, ಮಾತಾಡಿದರೂ ಕೇಳದಷ್ಟು ಗಲಾಟೆ. ಪೈಪಿನಿಂದ ನೇರ ಆಳದ ನೀರಿಗೆ ಬಿಟ್ಟರೆ ಬಕೆಟ್ ತುಂಬುವ ಸದ್ದಾಗಿ ಬಚ್ಚಲುಮನೆ ನೆನಪಾಗುತ್ತದೆ. ಅದರ ಬದಲು ಚಪ್ಪಟೆ ಕಲ್ಲಿನ ಅಂಚಿನಿಂದ ಇಳಿದು ಬೆಣಚುಕಲ್ಲಿನ ಮೇಲೆ ಬೀಳುವ ಹಾಗೆ ಮಾಡಿ. ಗುಂಯ್‌ಗುಡುವ ಸದ್ದು ನೀರಿನದಲ್ಲ, ಪಂಪಿನ ಅದುರಾಟ ಕಲ್ಲಿಗೆ ಹತ್ತಿದ್ದು. ಜೊತೆಗೆ ಕೊಡುವ ರಬ್ಬರ್ ಕಪ್ಪುಗಳು ಒರಟು ಗ್ರಾನೈಟಿಗೆ ಹಿಡಿಯುವುದಿಲ್ಲ; ಪಂಪಿನ ಕೆಳಗೆ ಒಂದಿಂಚು ಸ್ಪಂಜು ಇಡಿ.

ಪಾತ್ರೆಗೆ ಹಳೆಯ ಕಲ್ಲುಬಾನಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ತೂಕ ಲೆಕ್ಕ ಹಾಕಿ. 60×45×40 ಸೆಂ.ಮೀ. ಗ್ರಾನೈಟ್ ಬಾನಿ, ಗೋಡೆ 5 ಸೆಂ.ಮೀ. ದಪ್ಪ ಇದ್ದರೂ, ನೀರು ತುಂಬಿದಾಗ 200 ಕೆ.ಜಿ. ಆಸುಪಾಸು. ಓಡಾಡುವ ತಾರಸಿಗೆ ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆ.ಜಿ. ಭಾರವೆಂದು ವಿನ್ಯಾಸ ಮಾಡುತ್ತಾರೆ. ಹಾಗಾಗಿ ಸ್ಲ್ಯಾಬಿನ ನಡುವೆ ಇಡಬೇಡಿ. ಕೆಳಗೆ ಗೋಡೆ ಅಥವಾ ಬೀಮ್ ಇರುವ ಕಡೆ, ಎಂಜಿನಿಯರನ್ನು ಕೇಳಿಯೇ ಇಡಿ.

ಬೋರ್‌ವೆಲ್ ನೀರಾದರೆ ಕಲ್ಲಿನ ಮೇಲೆ ಬಿಳಿ ಪೊರೆ ಕಟ್ಟುವುದು ಖಚಿತ. ಅದೇ ಪೊರೆ ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಪುಟ್ಟ ಚಕ್ರ) ಸುತ್ತ ಕೂತು ಪಂಪ್ ಸಿಕ್ಕಿಕೊಳ್ಳುತ್ತದೆ. ಸುಟ್ಟಿತೆಂದು ಎಸೆಯುವ ಪಂಪುಗಳಲ್ಲಿ ಎಷ್ಟೋ ಹೀಗೆ ಸಿಕ್ಕಿಕೊಂಡವು. ಪ್ಲಗ್ ಕಿತ್ತು, ಮುಂಭಾಗ ಬಿಚ್ಚಿ, ಇಂಪೆಲ್ಲರನ್ನು ವಿನೆಗರಿನಲ್ಲಿ ಅರ್ಧ ಗಂಟೆ ನೆನೆಸಿ ಉಜ್ಜಿದರೆ ಮತ್ತೆ ಓಡುತ್ತದೆ. ವಿನೆಗರ್, ನಿಂಬೆಹುಳಿ ಗ್ರಾನೈಟಿಗೆ ನಡೆಯುತ್ತದೆ. ಶಹಾಬಾದ್ ಕಲ್ಲಿಗೆ, ಕಡಪಾ ಕಲ್ಲಿಗೆ ತಾಕಿಸಬೇಡಿ. ಅವು ಸುಣ್ಣದ ಕಲ್ಲು, ಹುಳಿ ತಿಂದುಬಿಡುತ್ತದೆ. ಮಳೆನೀರು ಹಿಡಿದಿಟ್ಟು ತುಂಬಿಸಿದರೆ ಈ ಕಾಟ ಬಹಳ ಕಡಿಮೆ.

ಸೊಳ್ಳೆಯ ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ಗಂಟೆ ಹೊತ್ತು ಹರಿದ ನೀರು ಉಳಿದ 23 ಗಂಟೆ ನಿಂತೇ ಇರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದ್ದೂ ಇಂಥ ನಿಂತ ತಿಳಿನೀರೇ, ಮೊಟ್ಟೆ ಸೊಳ್ಳೆಯಾಗಲು ವಾರ-ಹತ್ತು ದಿನ ಸಾಕು. ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಒಳಗೋಡೆ ಉಜ್ಜಬೇಕು. ಆಗದಿದ್ದರೆ ನಾಲ್ಕೈದು ಗಪ್ಪಿ ಮೀನು ಬಿಡಿ. ಮೀನಿದ್ದರೆ ಪಂಪಿನ ಬಾಯಿಗೆ ಸ್ಪಂಜು ಕಟ್ಟಿ, ಇಲ್ಲವಾದರೆ ಮರಿಗಳನ್ನು ಎಳೆದುಕೊಳ್ಳುತ್ತದೆ. ನೈದಿಲೆ ಹಾಕುವ ಆಸೆ ಬೇಡ, ಎಲೆಯ ಮೇಲೆ ನೀರು ಸಿಡಿಯುವುದು ಅದಕ್ಕಾಗದು. ಅಂಚಿನ ಕುಂಡಗಳಲ್ಲಿ ಬಜೆ, ಒಂದೆಲಗ ಸೊಂಪಾಗಿ ಬರುತ್ತವೆ.

ಪಂಪಿನ ವೈರು ಗಿಡ್ಡ. ಗಂಟು ಹಾಕಿ ಟೇಪು ಸುತ್ತಿ ನೀರಿನ ಪಕ್ಕ ಬಿಡಬೇಡಿ. ಪ್ಲಗ್ ಪಾಯಿಂಟನ್ನೇ ಹತ್ತಿರಕ್ಕೆ, ಬಾನಿಗಿಂತ ಎತ್ತರದಲ್ಲಿ ಹಾಕಿಸಿ. ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಮೇಲೇರುವಂತಿರಲಿ, ಹನಿ ಅಲ್ಲೇ ಉದುರುತ್ತದೆ. ಆ ಸಾಲಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಟ್ಟನೆ ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ ಪಂಪ್ ಕೊಳ್ಳುವ ಮೊದಲು ಅದನ್ನು ಹಾಕಿಸಿ.